ಒಂದು ಧಾಟಿಯೂ ಐದು ಭೇದಗಳೂ: ಪಿಯಾನೋ ಕಲಿಯುವವರಿಗೊಂದು ಪಾಠ



ನಮ್ಮ ಶಾಲೆಯ ಸಭಾಂಗಣದ ಮೂಲೆಯಲ್ಲಿರುವ ಪಿಯಾನೋವನ್ನು ನೀವೆಲ್ಲರೂ ಬಲ್ಲಿರಿ. ಮಳೆಗಾಲವು ಬಂದಿತೆಂದರೆ ಅದರ ನಾಲ್ಕಾರು ಕೀಗಳು ತೇವದಿಂದ ಉಬ್ಬಿ, ಒತ್ತಿದರೆ ಮತ್ತೆ ಮೇಲಕ್ಕೇಳಲೊಲ್ಲವು. ಆದರೂ ಬೆಳಗಿನ ಪ್ರಾರ್ಥನೆಯ ಸಂಗೀತಗಳಿಗೆ ಅದೇ ನಮ್ಮ ಆಧಾರವಾಗಿರುತ್ತದೆ. ಸಾಯಂಕಾಲದ ಹೊತ್ತಿನಲ್ಲಿ ಪಿಯಾನೋ ಕಲಿಯುವ ಹುಡುಗಿಯರ ಬೆರಳುಗಳನ್ನು ಸಹಿಸಿಕೊಳ್ಳುವುದೂ ಅದೇ. ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿಯ ತಂದೆಯವರು ನನ್ನ ಕೊಠಡಿಗೆ ಬಂದು, ಬಹಳ ಮರ್ಯಾದೆಯಿಂದಲೇ, "ಅಮ್ಮನವರೇ, ನಮ್ಮ ಮಗಳು ಹತ್ತು ತಿಂಗಳಿಂದ ಒಂದೇ ಧಾಟಿಯನ್ನು ಬಾರಿಸುತ್ತಿದ್ದಾಳಲ್ಲ, ಇದರಲ್ಲಿ ಅಷ್ಟು ಕಲಿಯುವುದೇನಿದೆ?" ಎಂದು ಕೇಳಿದರು. ಘಂಟೆಯು ಹೊಡೆದುದರಿಂದ ನಾನು ಆಗ ಕೊಟ್ಟ ಉತ್ತರವು ಮೊಟಕಾಗಿತ್ತು. ಪೂರ್ಣವಾದ ಉತ್ತರವನ್ನು ಈ ಸ್ಮರಣ ಸಂಚಿಕೆಯ ಮೂಲಕ ಕೊಡಬೇಕೆಂದು ಉದ್ದೇಶಿಸಿದ್ದೇನೆ. ಇದರಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ನಾನು ಸಲ್ಲಿಸಬೇಕಾದ ಒಂದು ಋಣವೂ ಸೇರಿದೆ. ಅದನ್ನು ಅದರ ಸ್ಥಳದಲ್ಲಿ ಹೇಳುವೆನು.

1. ಧಾಟಿಯೂ ಅದನ್ನು ರಚಿಸಿದವನೂ

ಆ ಹುಡುಗಿಯು ಅಭ್ಯಾಸ ಮಾಡುತ್ತಿದ್ದುದು ಜಾರ್ಜ್ ಫ್ರೆಡರಿಕ್ ಹ್ಯಾಂಡೆಲನು ರಚಿಸಿದ ಒಂದು ಧಾಟಿ ಮತ್ತು ಅದರ ಐದು ಭೇದಗಳು. ಹ್ಯಾಂಡೆಲನು 1685ರಲ್ಲಿ ಜರ್ಮನಿಯ ಹಾಲೆ ಎಂಬ ಪಟ್ಟಣದಲ್ಲಿ ಹುಟ್ಟಿ, ಬಹುಕಾಲ ಲಂಡನ್ನಿನಲ್ಲಿ ಜೀವಿಸಿ, 1759ರಲ್ಲಿ ಅಲ್ಲಿಯೇ ತೀರಿಕೊಂಡನು. ಕ್ರಿಸ್ಮಸ್ ಕಾಲದಲ್ಲಿ ದೊಡ್ಡ ಗಾಯಕವೃಂದಗಳು ಹಾಡುವ 'ಮೆಸ್ಸಾಯ' ಎಂಬ ಕೃತಿಯಿಂದ ಅವನ ಹೆಸರು ನಮ್ಮಲ್ಲಿ ಅನೇಕರಿಗೆ ಪರಿಚಿತವಾಗಿದೆ. ಸುಮಾರು 1600ರಿಂದ 1750ರ ವರೆಗಿನ ಯೂರೋಪಿನ ಸಂಗೀತವನ್ನು ಬರೋಕ್ ಸಂಗೀತವೆಂದು ಕರೆಯುವ ವಾಡಿಕೆಯುಂಟು. ಆ ಕಾಲದ ಕೊನೆಯ ಭಾಗದ ಇಬ್ಬರು ಮಹಾಪುರುಷರಲ್ಲಿ ಇವನೊಬ್ಬನು. ಮತ್ತೊಬ್ಬನು ಅದೇ 1685ರಲ್ಲಿ ಐಸೆನಾಖ್ ಎಂಬಲ್ಲಿ ಹುಟ್ಟಿದ ಯೋಹಾನ್ ಸೆಬಾಸ್ಟಿಯನ್ ಬಾಖ್. ಒಂದೇ ವರ್ಷದಲ್ಲಿ, ಒಂದೇ ದೇಶದಲ್ಲಿ ಹುಟ್ಟಿದ ಈ ಇಬ್ಬರೂ ಜೀವಮಾನದಲ್ಲಿ ಒಮ್ಮೆಯಾದರೂ ಒಬ್ಬರನ್ನೊಬ್ಬರು ಕಾಣಲಿಲ್ಲ.

1720ರಲ್ಲಿ ಹ್ಯಾಂಡೆಲನು ಎಂಟು ಸ್ವರಗುಚ್ಛಗಳ ಒಂದು ಪುಸ್ತಕವನ್ನು ಲಂಡನ್ನಿನಲ್ಲಿ ಪ್ರಕಟಿಸಿದನು. ತನ್ನ ರಚನೆಗಳ ತಪ್ಪು ಪ್ರತಿಗಳು ಅನುಮತಿಯಿಲ್ಲದೆ ಹೊರಗೆ ಹರಡಿದುದರಿಂದ, ಸರಿಯಾದ ಪಾಠವನ್ನು ತಾನೇ ಅಚ್ಚುಹಾಕಿಸಬೇಕಾಯಿತೆಂದು ಅದರ ಮುನ್ನುಡಿಯಲ್ಲಿ ತಿಳಿಸಿದನು. ಆ ಎಂಟರಲ್ಲಿ ಐದನೆಯ ಗುಚ್ಛದ ಕಡೆಯ ಭಾಗವೇ ನಮ್ಮ ಪಾಠದ ಧಾಟಿ. ಇದನ್ನು ಇಂಗ್ಲಿಷ್ ಪುಸ್ತಕಗಳಲ್ಲಿ 'ಇಂಪಾಗಿ ಬಡಿಯುವ ಕಮ್ಮಾರ' ಎಂಬರ್ಥದ ಹೆಸರಿನಿಂದ ಕರೆದಿದ್ದಾರೆ. ಮಳೆಯಲ್ಲಿ ಸಿಕ್ಕಿದ ಹ್ಯಾಂಡೆಲನು ಕಮ್ಮಾರನ ಕುಲುಮೆಯಲ್ಲಿ ಆಶ್ರಯ ಪಡೆದನು, ಅಲ್ಲಿ ಕೇಳಿದ ಸುತ್ತಿಗೆಯ ತಾಳದಿಂದ ಈ ಧಾಟಿಯು ಹುಟ್ಟಿತು ಎಂಬ ಕಥೆಯನ್ನೂ ಮಕ್ಕಳು ಕೇಳಿರಬಹುದು. ಕಥೆಯು ಚೆಂದವಾಗಿದೆ, ಆದರೆ ನಿಜವಲ್ಲ. ಆ ಹೆಸರನ್ನು ಹ್ಯಾಂಡೆಲನು ಇಟ್ಟವನಲ್ಲ. ಅವನು ಕಾಲವಾಗಿ ಬಹಳ ವರ್ಷಗಳಾದ ಮೇಲೆ, ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಅಂಟಿಕೊಂಡಿತು. ಇದನ್ನು ಹೇಳಲು ಕಾರಣವೇನೆಂದರೆ, ಆ ಕಥೆಯನ್ನು ನಂಬಿದ ಮಕ್ಕಳು ಪಿಯಾನೋವನ್ನು ಬಡಿಗಲ್ಲೆಂದು ತಿಳಿದು ಕುಟ್ಟಲಾರಂಭಿಸುತ್ತಾರೆ. ಈ ಧಾಟಿಯಲ್ಲಿ ಕುಟ್ಟುವ ಕೆಲಸವೇನೂ ಇಲ್ಲ.

2. ಭೇದಗಳ ಲೆಕ್ಕ

ಭೇದವೆಂದರೇನು? ಒಂದು ಸರಳವಾದ ಧಾಟಿಯನ್ನು ಮೊದಲು ಇದ್ದಂತೆಯೇ ಬಾರಿಸಿ, ಅನಂತರ ಅದರ ಅಸ್ಥಿಪಂಜರವನ್ನು ಹಾಗೆಯೇ ಇಟ್ಟುಕೊಂಡು, ಮೇಲಿನ ಉಡುಪನ್ನು ಮಾತ್ರ ಪ್ರತಿಸಲವೂ ಬದಲಾಯಿಸುವುದು. ಹ್ಯಾಂಡೆಲನ ಕಾಲದಲ್ಲಿ ಈ ಬಗೆಯ ಭೇದಕ್ಕೆ 'ಡಬಲ್' ಎಂದು ಹೆಸರಿತ್ತು; ಅಂದರೆ ಇಮ್ಮಡಿ. ಒಂದು ಸ್ವರವಿದ್ದ ಜಾಗದಲ್ಲಿ ಎರಡು ಸ್ವರಗಳನ್ನು ತುಂಬುವುದು ಎಂಬುದೇ ಇದರ ಭಾವ.

ಮೂಲ ಧಾಟಿಯು ಎರಡು ಭಾಗಗಳುಳ್ಳದ್ದು; ಎರಡನ್ನೂ ಮರಳಿ ಬಾರಿಸಬೇಕೆಂದು ಗುರುತು ಇದೆ. ತಾಳವು ನಾಲ್ಕು ಎಣಿಕೆಯದು. ಧಾಟಿಯು ಹೆಚ್ಚಾಗಿ ಕ್ವೇವರುಗಳಲ್ಲಿ, ಅಂದರೆ ಒಂದು ಎಣಿಕೆಗೆ ಎರಡು ಸ್ವರಗಳಂತೆ ನಡೆಯುತ್ತದೆ. ಇನ್ನು ಭೇದಗಳನ್ನು ನೋಡಿರಿ. ಮೊದಲನೆಯ ಭೇದದಲ್ಲಿ ಬಲಗೈಯು ಎಣಿಕೆಗೆ ನಾಲ್ಕು ಸ್ವರಗಳಂತೆ ಹರಿಯುತ್ತದೆ. ಎರಡನೆಯದರಲ್ಲಿ ಅದೇ ನಾಲ್ಕರ ಓಟವು ಎಡಗೈಗೆ ಇಳಿಯುತ್ತದೆ. ಮೂರನೆಯದರಲ್ಲಿ ಬಲಗೈಯು ಎಣಿಕೆಗೆ ಆರು ಸ್ವರಗಳನ್ನು, ಮೂರು ಮೂರರ ಗುಂಪುಗಳಾಗಿ ನುಡಿಸುತ್ತದೆ. ನಾಲ್ಕನೆಯದರಲ್ಲಿ ಆ ಆರರ ನಡೆಯು ಎಡಗೈಯದಾಗುತ್ತದೆ. ಐದನೆಯದರಲ್ಲಿ ಎಣಿಕೆಗೆ ಎಂಟು ಸ್ವರಗಳಂತೆ ಸ್ವರಶ್ರೇಣಿಗಳು ಒಂದು ಕೈಯಿಂದ ಮತ್ತೊಂದು ಕೈಗೆ ಹಾರುತ್ತಾ ಮೇಲಕ್ಕೂ ಕೆಳಕ್ಕೂ ಓಡುತ್ತವೆ. ಎರಡು, ನಾಲ್ಕು, ಆರು, ಎಂಟು: ಲೆಕ್ಕವು ಇಷ್ಟೇ. ಮಗ್ಗಿಯನ್ನು ಬಲ್ಲ ಯಾವ ಹುಡುಗಿಯೂ ಇದನ್ನು ತಿಳಿಯಬಲ್ಲಳು.

ನಮ್ಮ ನಾಡಿನ ಸಂಗೀತವನ್ನು ಅಭ್ಯಾಸ ಮಾಡಿದವರಿಗೆ ಇದು ಹೊಸದಲ್ಲ. ಅಲಂಕಾರಗಳನ್ನು ಒಂದನೆಯ ಕಾಲ, ಎರಡನೆಯ ಕಾಲ, ಮೂರನೆಯ ಕಾಲಗಳಲ್ಲಿ ಹಾಡುವಾಗ ಕೈಯ ತಾಳವು ಬದಲಾಗುವುದಿಲ್ಲ. ತಾಳದೊಳಗೆ ಸ್ವರಗಳ ಸಂಖ್ಯೆಯು ಮಾತ್ರ ಇಮ್ಮಡಿಯಾಗುತ್ತದೆ. ಚತುರಶ್ರ ನಡೆಯಿಂದ ತಿಶ್ರ ನಡೆಗೆ ಹೊರಳುವಾಗಲೂ ಹೀಗೆಯೇ. ಈ ಹೋಲಿಕೆಯನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದ ದಿನ, ಮನೆಯಲ್ಲಿ ಅಜ್ಜಿಯಿಂದ ಸರಳೆ ವರಸೆಗಳನ್ನು ಕಲಿತ ಹುಡುಗಿಯೊಬ್ಬಳು, ಇದುವರೆಗೆ ಕಷ್ಟವೆಂದು ಬಿಟ್ಟಿದ್ದ ಮೂರನೆಯ ಭೇದವನ್ನು ತೊಡೆಯ ಮೇಲೆ ತಾಳ ಹಾಕಿಕೊಂಡು ಬಾಯಲ್ಲಿ ಹೇಳಿ ಮುಗಿಸಿದಳು. ಬೆರಳುಗಳು ಅರಿಯದುದನ್ನು ಆಕೆಯ ಕಿವಿಯು ಮೊದಲೇ ಅರಿತಿತ್ತು.

3. ನನ್ನ ತಪ್ಪು

ಈ ಲೆಕ್ಕವನ್ನು ನಾನು ಮೊದಲಿನಿಂದಲೂ ಬಾಯಿಪಾಠವಾಗಿ ಬಲ್ಲೆನು. ಅದರ ಅರ್ಥವನ್ನು ಮಾತ್ರ ತಡವಾಗಿ ಕಲಿತೆನು. ನಾನು ಅಧ್ಯಾಪಿಕೆಯಾದ ಹೊಸತರಲ್ಲಿ, ಇನ್ನೂ ಮುಖ್ಯೋಪಾಧ್ಯಾಯಿನಿಯಾಗಿರದಿದ್ದ ಕಾಲದಲ್ಲಿ, ನನ್ನಲ್ಲಿ ಪಿಯಾನೋ ಕಲಿಯುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಶಾಲೆಯ ವಾರ್ಷಿಕೋತ್ಸವದಲ್ಲಿ ಈ ಧಾಟಿಯನ್ನು ಬಾರಿಸಬೇಕೆಂದು ಗೊತ್ತಾಯಿತು. ಆಕೆಯು ಮೂಲ ಧಾಟಿಯನ್ನು ಮೆಲ್ಲನೆ, ಶಾಂತವಾಗಿ ನುಡಿಸುತ್ತಿದ್ದಳು. ಅದು ನನಗೆ ಸಪ್ಪೆಯೆನಿಸಿತು. ಅತಿಥಿಗಳು ಬರುತ್ತಾರೆ, ಕೇಳುವವರಿಗೆ ಉತ್ಸಾಹವಾಗಬೇಕು ಎಂಬುದೇ ನನ್ನ ಯೋಚನೆ. ಆದಕಾರಣ ನಾನು ಆಕೆಯ ಬೆನ್ನ ಹಿಂದೆ ನಿಂತು ದಿನದಿನವೂ, "ಇನ್ನೂ ಬೇಗ, ಇನ್ನೂ ಬೇಗ" ಎಂದು ಅವಸರಪಡಿಸಿದೆನು.

ಉತ್ಸವದ ದಿನ ಆಕೆಯು ನಾನು ಹೇಳಿದಂತೆಯೇ ಬೇಗನೆ ಆರಂಭಿಸಿದಳು. ಮೂಲ ಧಾಟಿಯು ಚುರುಕಾಗಿ ಬಂದಿತು. ಒಂದನೆಯ ಭೇದವೂ ಬಂದಿತು. ಎರಡನೆಯದರಲ್ಲಿ ಎಡಗೈ ತಡವರಿಸಿತು. ಮೂರನೆಯದನ್ನು ಹಲ್ಲು ಕಚ್ಚಿಕೊಂಡು ದಾಟಿದಳು. ನಾಲ್ಕನೆಯದರ ನಡುವೆ ಕೈಗಳು ನಿಂತುಹೋದವು. ಪುನಃ ಆರಂಭಿಸಿದಳು, ಪುನಃ ಅದೇ ಸ್ಥಳದಲ್ಲಿ ನಿಂತವು. ಸಭೆಯಲ್ಲಿ ಯಾರೋ ಕನಿಕರದಿಂದಲೇ ಕೈತಟ್ಟಿದರು. ಆಕೆಯು ಎದ್ದು, ನಮಸ್ಕಾರವನ್ನೂ ಮಾಡದೆ, ಪಕ್ಕದ ಬಾಗಿಲಿನಿಂದ ಹೊರಟುಹೋದಳು. ಆ ಮೇಲೆ ಆಕೆಯು ಶಾಲೆಯನ್ನು ಬಿಡುವ ತನಕ ಪಿಯಾನೋದ ಮುಂದೆ ಕುಳಿತುದನ್ನು ನಾನು ಕಾಣಲಿಲ್ಲ.

"ಭಯಪಟ್ಟಳು, ಪಾಪ" ಎಂದು ಎಲ್ಲರೂ ಹೇಳಿದರು; ನಾನೂ ಹಾಗೆಯೇ ಹೇಳಿದೆನು. ಅದು ನಿಜವಲ್ಲ. ಆಕೆಯು ಮೊದಲು ಹಿಡಿದಿದ್ದ ಮೆಲ್ಲನೆಯ ನಡಿಗೆಯೇ ಸರಿಯಾದ ನಡಿಗೆಯಾಗಿತ್ತು. ಮೂಲ ಧಾಟಿಯಲ್ಲಿ ಎಣಿಕೆಗೆ ಎರಡೇ ಸ್ವರ. ಆದುದರಿಂದ ಅದನ್ನು ಎಷ್ಟು ಬೇಗನೆ ಬೇಕಾದರೂ ಬಾರಿಸಬಹುದು. ಐದನೆಯ ಭೇದದಲ್ಲಿ ಅದೇ ಎಣಿಕೆಗೆ ಎಂಟು ಸ್ವರಗಳು ಬರಲಿವೆಯೆಂಬುದನ್ನು ನಾನು ಆಲೋಚಿಸಲಿಲ್ಲ. ನಿಮಿಷಕ್ಕೆ 60 ಎಣಿಕೆಯಂತೆ ಹೊರಟರೆ ಸೆಕೆಂಡಿಗೆ ಮೂಲ ಧಾಟಿಯಲ್ಲಿ 2 ಸ್ವರ, ಮೊದಲೆರಡು ಭೇದಗಳಲ್ಲಿ 4, ಮುಂದಿನ ಎರಡರಲ್ಲಿ 6, ಕಡೆಯದರಲ್ಲಿ 8. ನಿಮಿಷಕ್ಕೆ 90ರಂತೆ ಹೊರಟರೆ ಕಡೆಯದರಲ್ಲಿ ಸೆಕೆಂಡಿಗೆ 12 ಸ್ವರಗಳಾಗುತ್ತವೆ. ಹದಿನಾಲ್ಕು ವರ್ಷದ ಬೆರಳುಗಳಿಂದ ನಾನು ಕೇಳಿದುದು ಸುಮಾರಾಗಿ ಅದನ್ನೇ. ಗಣಿತವನ್ನೂ ಬೋಧಿಸುತ್ತಿದ್ದ ಅಧ್ಯಾಪಿಕೆಯು ಈ ಗುಣಾಕಾರವನ್ನು ಮಾಡದೆ ಹೋದಳೆಂಬುದು ಸಣ್ಣ ತಪ್ಪಲ್ಲ.

4. ಕಲಿಯುವ ಕ್ರಮ

ಅಂದಿನಿಂದ ನಾನು ಈ ಪಾಠವನ್ನು ತಲೆಕೆಳಗಾಗಿ ಕಲಿಸುತ್ತೇನೆ. ಮನೆಯಲ್ಲಿ ಮಕ್ಕಳಿಗೆ ಸಹಾಯ ಮಾಡುವ ತಾಯಂದಿರಿಗೂ ಉಪಯೋಗವಾಗಲೆಂದು ಆ ಕ್ರಮವನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದಾಗಿ, ಧಾಟಿಯನ್ನು ಬಾಯಲ್ಲಿ ಹಾಡಬೇಕು. ಕೈಯು ಕೀಗಳ ಮೇಲೆ ಬೀಳುವುದಕ್ಕೆ ಮುಂಚೆ ಎರಡು ಭಾಗಗಳೂ ಕಂಠಸ್ಥವಾಗಿರಬೇಕು. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಹಾಡುವವಳಿಗೆ ತಾನಾಗಿ ತಿಳಿಯುತ್ತದೆ. ಬಾರಿಸುವಾಗ ಕೈಯೂ ಅಲ್ಲಿಯೇ ಸ್ವಲ್ಪ ಎತ್ತಲ್ಪಡಬೇಕು.

ಎರಡನೆಯದಾಗಿ, ಎಡಗೈಯ ಕೆಳಸ್ವರಗಳನ್ನು ಮಾತ್ರ ಪ್ರತ್ಯೇಕವಾಗಿ ಕಲಿಯಬೇಕು. ಮನೆಯ ತಳಪಾಯವು ಕಣ್ಣಿಗೆ ಕಾಣಿಸದಿದ್ದರೂ ಗೋಡೆಗಳೆಲ್ಲ ಅದರ ಮೇಲೆಯೇ ನಿಂತಿರುವಂತೆ, ಐದು ಭೇದಗಳೂ ಈ ಕೆಳಸ್ವರಗಳ ಸಾಲಿನ ಮೇಲೆ ನಿಂತಿವೆ. ಅಧ್ಯಾಪಿಕೆಯು ಮೇಲಿನ ಧಾಟಿಯನ್ನು ಹಾಡುತ್ತಿರಲು ಶಿಷ್ಯೆಯು ಕೆಳಸ್ವರಗಳನ್ನು ಬಾರಿಸುವುದು ಒಳ್ಳೆಯ ಅಭ್ಯಾಸ.

ಮೂರನೆಯದಾಗಿ, ಐದನೆಯ ಭೇದವನ್ನು ಮೊದಲು ಕಲಿಯಬೇಕು. ಮೆಟ್ರೊನೋಮನ್ನು ನಿಮಿಷಕ್ಕೆ 40ಕ್ಕಿಟ್ಟು, ಒಂದು ಸ್ವರವೂ ತೊದಲದಂತೆ ನುಡಿಸಲಿ. ವಾರಕ್ಕೆ ಎರಡೋ ಮೂರೋ ಎಣಿಕೆ ಹೆಚ್ಚಿಸಲಿ. ಯಾವ ವೇಗವನ್ನು ಮೀರಿದರೆ ಸ್ವರಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆಯೋ, ಅದಕ್ಕಿಂತ ಸ್ವಲ್ಪ ಕೆಳಗಿನದೇ ಆಕೆಯ ವೇಗ. ಮೂಲ ಧಾಟಿಯನ್ನು ಆರಂಭಿಸಬೇಕಾದುದೂ ಅದೇ ವೇಗದಲ್ಲಿ. ಕೇಳುವವರಿಗೆ ಆರಂಭವು ನಿಧಾನವೆನಿಸಬಹುದು, ಎನಿಸಲಿ. ಎಣಿಕೆಯು ಬದಲಾಗದೆ ಸ್ವರಗಳು ಎರಡರಿಂದ ಎಂಟಕ್ಕೇರುವಾಗ ಉತ್ಸಾಹವು ತಾನಾಗಿಯೇ ಬರುತ್ತದೆ. ಹ್ಯಾಂಡೆಲನು ಅದನ್ನು ಸ್ವರಗಳೊಳಗೇ ಇಟ್ಟಿದ್ದಾನೆ. ನಾವು ಹೊರಗಿನಿಂದ ತಂದು ಸುರಿಯಬೇಕಾದುದಿಲ್ಲ.

ನಾಲ್ಕನೆಯದಾಗಿ, ಬೆರಳುಗಳ ಸಂಖ್ಯೆಯನ್ನು ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದು, ಬರೆದುದನ್ನು ಬದಲಾಯಿಸದಿರಬೇಕು. ಈ ರಚನೆಯು ಇ ಮೇಜರ್ ಶ್ರುತಿಯಲ್ಲಿದೆ. ನಾಲ್ಕು ಕರಿಯ ಕೀಗಳು ಅದರಲ್ಲಿ ಬರುತ್ತವೆ. ಬಲಗೈಯು ಮೇಲಕ್ಕೇರುವಾಗ ಹೆಬ್ಬೆರಳಿನಿಂದ ಎಣಿಸಿ 1, 2, 3, 1, 2, 3, 4, 5. ಎಡಗೈಯು 5, 4, 3, 2, 1, 3, 2, 1. ಈ ಎರಡು ಸಾಲುಗಳು ನಿದ್ದೆಯಲ್ಲಿಯೂ ಬರುವಂತಾದರೆ ಐದನೆಯ ಭೇದದ ಅರ್ಧ ಭಯವು ಕಳೆದಂತೆಯೇ.

ಐದನೆಯದಾಗಿ, ಒಂದು ಭೇದವು ಮುಗಿದೊಡನೆ ಕೈಗಳನ್ನು ಮಡಿಲಿಗಿಳಿಸಬಾರದು. ಭೇದಗಳ ನಡುವೆಯೂ ಎಣಿಕೆಯು ಮನಸ್ಸಿನಲ್ಲಿ ನಡೆಯುತ್ತಿರಬೇಕು. ಆರು ತುಂಡುಗಳನ್ನು ಒಂದರ ಪಕ್ಕಕ್ಕೊಂದು ಇಟ್ಟಂತೆ ಬಾರಿಸುವುದಕ್ಕೂ, ಒಂದೇ ದಾರಿಯಲ್ಲಿ ಆರು ಮೈಲಿ ನಡೆಯುವುದಕ್ಕೂ ಇರುವ ಭೇದವು ಇದೇ.

ಕಡೆಯದಾಗಿ, ಎಡಗೈಯ ಭೇದಗಳಾದ ಎರಡು ಮತ್ತು ನಾಲ್ಕನೆಯವುಗಳಿಗೆ ಮಿಕ್ಕವುಗಳ ಎರಡರಷ್ಟು ಸಮಯವನ್ನು ಕೊಡಬೇಕು. ನಮ್ಮಲ್ಲಿ ಬಹುಮಂದಿ ಎಲ್ಲಾ ಕೆಲಸಗಳನ್ನೂ ಬಲಗೈಯಿಂದಲೇ ಮಾಡಿ ಬೆಳೆದವರು. ಎಡಗೈಯು ಓಡುವಾಗ ಬಲಗೈಯು ಸುಮ್ಮನೆ ಜೊತೆಗೊಡುವುದನ್ನು ಕಲಿಯಬೇಕು. ತನ್ನ ಸರದಿಯಲ್ಲದಾಗ ಮುಂದೆ ಬಾರದಿರುವುದೂ ಒಂದು ವಿದ್ಯೆಯೇ.

5. ಹಾರ್ಪ್ಸಿಕಾರ್ಡೂ ಪಿಯಾನೋವೂ

ಸ್ವರಗಳು ಸರಿಯಾದ ಮೇಲೆ, ಅವುಗಳನ್ನು ಹೇಗೆ ನುಡಿಸಬೇಕೆಂಬ ಪ್ರಶ್ನೆಯು ಬರುತ್ತದೆ. ಹ್ಯಾಂಡೆಲನು ಇದನ್ನು ಬರೆದುದು ಪಿಯಾನೋಗಾಗಿ ಅಲ್ಲ. ಇಟಲಿಯ ಫ್ಲಾರೆನ್ಸಿನಲ್ಲಿ ಕ್ರಿಸ್ಟೊಫೊರಿ ಎಂಬಾತನು ಸುಮಾರು 1700ರಲ್ಲಿಯೇ ಪಿಯಾನೋವನ್ನು ಕಂಡುಹಿಡಿದಿದ್ದರೂ, 1720ರ ಲಂಡನ್ನಿನ ಮನೆಗಳಲ್ಲಿದ್ದುದು ಹಾರ್ಪ್ಸಿಕಾರ್ಡ್ ಎಂಬ ವಾದ್ಯ. ಪಿಯಾನೋದಲ್ಲಿ ಉಣ್ಣೆಯ ಮೆತ್ತೆಯುಳ್ಳ ಸುತ್ತಿಗೆಯು ತಂತಿಯನ್ನು ಹೊಡೆಯುತ್ತದೆ. ಹಾರ್ಪ್ಸಿಕಾರ್ಡಿನಲ್ಲಿ ಹಕ್ಕಿಯ ಗರಿಯ ಸಣ್ಣ ಕೊಕ್ಕೆಯೊಂದು ತಂತಿಯನ್ನು ಮೀಟುತ್ತದೆ. ಈ ಅಂಶದಲ್ಲಿ ಅದು ನಮ್ಮ ವೀಣೆಗೆ ಹತ್ತಿರವಾದದ್ದು. ಕೀಯನ್ನು ಮೆಲ್ಲನೆ ಒತ್ತಿದರೂ ಬಲವಾಗಿ ಒತ್ತಿದರೂ ಅದರ ನಾದವು ಹೆಚ್ಚುಕಡಿಮೆ ಒಂದೇ ಪ್ರಮಾಣದ್ದು. ನಾದವನ್ನು ಉಳಿಸಿಕೊಳ್ಳಲು ಕಾಲಿನ ಪೆಡಲೂ ಇರಲಿಲ್ಲ. ಅಂಥ ವಾದ್ಯದವನು ತನ್ನ ಭಾವವನ್ನು ತೋರಿಸುತ್ತಿದ್ದುದು ಮುಖ್ಯವಾಗಿ ಕಾಲದಿಂದ: ಸ್ವರವನ್ನು ಎಷ್ಟು ಹೊತ್ತು ಹಿಡಿಯಬೇಕು, ಮುಂದಿನದಕ್ಕೂ ಅದಕ್ಕೂ ನಡುವೆ ಎಷ್ಟು ಬಿಡುವು ಇರಬೇಕು ಎಂಬುದರಿಂದ.

ಹಾಗಾದರೆ ಪಿಯಾನೋದಲ್ಲಿ ಇದನ್ನು ಬಾರಿಸುವುದು ತಪ್ಪೋ? ತಪ್ಪಲ್ಲ, ಆದರೆ ಪಿಯಾನೋಗೆ ಮಾತ್ರ ಸಾಧ್ಯವಾದ ಕೆಲವು ಭೋಗಗಳನ್ನು ಮಿತವಾಗಿ ಬಳಸಬೇಕು. ಪೆಡಲನ್ನು ಒತ್ತಿಹಿಡಿದರೆ ಓಡುವ ಸ್ವರಗಳೆಲ್ಲ ಕಲಸಿಹೋಗುತ್ತವೆ. ಆದುದರಿಂದ ಕಲಿಯುವ ಕಾಲದಲ್ಲಿ ಪಾದಗಳು ನೆಲದ ಮೇಲೆಯೇ ಇರಲಿ. ಸ್ವರಗಳು ಅಂಟಿನಂತೆ ಒಂದಕ್ಕೊಂದು ಹತ್ತಿಕೊಳ್ಳಲೂ ಬಾರದು, ಹುರಿದ ಕಡಲೆಯಂತೆ ಸಿಡಿಯಲೂ ಬಾರದು. ಪೋಣಿಸಿದ ಮಣಿಗಳಂತೆ, ಬೇರೆ ಬೇರೆಯಾಗಿಯೂ ಒಂದೇ ದಾರದಲ್ಲಿಯೂ ಇರಬೇಕು.

ಇನ್ನೊಂದು ಎಚ್ಚರಿಕೆ. ನಮ್ಮ ಶಾಲೆಯ ಕಪಾಟಿನಲ್ಲಿರುವಂಥ ಹಳೆಯ ಅಚ್ಚಿನ ಪುಸ್ತಕಗಳಲ್ಲಿ ಗಟ್ಟಿಯಾಗಿ, ಮೆಲ್ಲಗೆ, ಕ್ರಮವಾಗಿ ಏರಿಸಿ ಎಂಬ ಗುರುತುಗಳು ತುಂಬಿರುತ್ತವೆ. ಇವುಗಳನ್ನು ಸೇರಿಸಿದವರು ಹತ್ತೊಂಬತ್ತನೆಯ ಶತಮಾನದ ಸಂಪಾದಕರು. ಅವು ಒಬ್ಬ ಹಿರಿಯ ವಾದಕನ ಸಲಹೆಗಳೆಂದು ಗೌರವಿಸೋಣ, ಆಜ್ಞೆಗಳೆಂದು ತಿಳಿಯಬೇಕಾಗಿಲ್ಲ. ಮೂಲಪಾಠವನ್ನು ಮಾತ್ರ ಅಚ್ಚಿಸಿರುವ ಪುಸ್ತಕಗಳು ಈಗ ಸುಲಭವಾಗಿ ದೊರೆಯುತ್ತವೆ. ಅಂಥ ಬರಿಯ ಪುಟವನ್ನು ಕಂಡಾಗ ಮಕ್ಕಳು ಮೊದಲು ಕಂಗೆಡುತ್ತಾರೆ: "ಅಮ್ಮನವರೇ, ಇಲ್ಲಿ ಏನೂ ಬರೆದಿಲ್ಲವಲ್ಲ!" ಆಗ ನಾನು ಕೇಳುತ್ತೇನೆ: "ನಿನಗೆ ಹೇಗೆ ತೋರುತ್ತದೆ?" ಪುನರಾವರ್ತನೆಯಲ್ಲಿ ಮೆಲ್ಲಗೆ ನುಡಿಸೋಣವೇ, ಇನ್ನೂ ಗಟ್ಟಿಯಾಗಿಯೇ? ಎರಡನೆಯ ಸಲ ಒಂದು ಟ್ರಿಲ್ಲನ್ನು ಸೇರಿಸೋಣವೇ? ಆ ಕಾಲದ ವಾದಕರು ಮರಳಿ ಬಾರಿಸುವಾಗ ಇಂಥ ಅಲಂಕಾರಗಳನ್ನು ತಾವೇ ಸೇರಿಸುತ್ತಿದ್ದರು. ಟ್ರಿಲ್ಲನ್ನು ಸಾಮಾನ್ಯವಾಗಿ ಮೇಲಿನ ಸ್ವರದಿಂದಲೇ ಆರಂಭಿಸುತ್ತಿದ್ದರೆಂಬುದನ್ನು ನೆನಪಿಟ್ಟುಕೊಂಡರೆ ಸಾಕು. ಐದು ಭೇದಗಳೂ ಮುಗಿದ ಬಳಿಕ ಮೂಲ ಧಾಟಿಯನ್ನು ಮತ್ತೊಮ್ಮೆ ಬಾರಿಸಬೇಕೆಂದು ಹ್ಯಾಂಡೆಲನು ಬರೆದಿಲ್ಲ; ಓಡುವ ಸ್ವರಗಳಲ್ಲಿಯೇ ಅವನು ಮುಗಿಸುತ್ತಾನೆ. ಹೀಗೆ ಉತ್ತರವಿಲ್ಲದ ಪುಟದ ಮುಂದೆ ಕುಳಿತು, ಕಾರಣ ಕೊಟ್ಟು ತೀರ್ಮಾನಿಸುವುದನ್ನು ಕಲಿಯುವುದೇ ಈ ಪಾಠದ ಸಾರ. ಆ ತಂದೆಯವರ ಪ್ರಶ್ನೆಗೆ ನನ್ನ ಉತ್ತರದ ಅರ್ಧವು ಇದು.

6. ಬಾಖನ ದೊಡ್ಡ ಮನೆ

ಮಿಕ್ಕ ಅರ್ಧವನ್ನು ಹೇಳಲು ಬಾಖನ ಕಡೆಗೆ ತಿರುಗಬೇಕಾಗಿದೆ. ಹ್ಯಾಂಡೆಲನದು ಐದು ಕೋಣೆಗಳ ಮನೆಯಾದರೆ ಬಾಖನದು ಮೂವತ್ತು ಕೋಣೆಗಳ ಮನೆ. 1741ರಲ್ಲಿ ಅಚ್ಚಾದ, 'ಗೋಲ್ಡ್‌ಬರ್ಗ್ ಭೇದಗಳು' ಎಂದು ಪ್ರಸಿದ್ಧವಾಗಿರುವ ಈ ಕೃತಿಯಲ್ಲಿ ಮೊದಲು ಒಂದು ಮೂಲ ಧಾಟಿ, ಆ ಮೇಲೆ ಮೂವತ್ತು ಭೇದಗಳು, ಕಡೆಯಲ್ಲಿ ಪುನಃ ಅದೇ ಮೂಲ ಧಾಟಿ ಬರುತ್ತವೆ. ಎರಡು ಸಾಲು ಕೀಗಳಿರುವ ಹಾರ್ಪ್ಸಿಕಾರ್ಡಿಗಾಗಿ ಬರೆದುದಾದ್ದರಿಂದ, ಪಿಯಾನೋದ ಒಂದೇ ಸಾಲಿನಲ್ಲಿ ಕೆಲವೆಡೆ ಕೈಗಳು ಒಂದರ ಮೇಲೊಂದು ಹತ್ತಿಹೋಗುತ್ತವೆ. ಶಾಲಾಬಾಲಿಕೆಯರಿಗೆ ಇದನ್ನು ಪೂರ್ತಿಯಾಗಿ ಕಲಿಸುವ ಸಾಹಸವನ್ನು ನಾನು ಮಾಡಿಲ್ಲ; ಮೂಲ ಧಾಟಿಯನ್ನು ಮಾತ್ರ ದೊಡ್ಡ ಹುಡುಗಿಯರಿಗೆ ಕಲಿಸುತ್ತೇನೆ.

ಹ್ಯಾಂಡೆಲನ ಭೇದಗಳಲ್ಲಿ ಮೇಲಿನ ಧಾಟಿಯ ಮುಖವನ್ನು ನಾವು ಪ್ರತಿಸಲವೂ ಗುರುತಿಸಬಹುದು. ಬಾಖನು ಹಾಗೆ ಮಾಡುವುದಿಲ್ಲ. ಮೇಲಿನ ಧಾಟಿಯನ್ನು ಅವನು ಬಿಟ್ಟೇ ಬಿಡುತ್ತಾನೆ. ಕೆಳಸ್ವರಗಳ ಸಾಲನ್ನು ಮಾತ್ರ ಉಳಿಸಿಕೊಂಡು ಮೂವತ್ತು ಸಲ ಹೊಸ ಹೊಸದಾಗಿ ಕಟ್ಟುತ್ತಾನೆ. ಆ ಸಾಲಿನ ಮೊದಲ ಎಂಟು ಸ್ವರಗಳನ್ನು ನಮ್ಮ ರೀತಿಯಲ್ಲಿ ಹೇಳುವುದಾದರೆ: ಸ ನಿ ದ ಪ ಗ ಮ ಪ ಸ. ಮೇಲಿನ ಷಡ್ಜದಿಂದ ಪಂಚಮಕ್ಕಿಳಿದು, ಅಲ್ಲಿಂದ ಗಾಂಧಾರಕ್ಕಿಳಿದು, ಎರಡು ಹೆಜ್ಜೆ ಮೇಲೇರಿ, ಕೆಳಗಿನ ಷಡ್ಜಕ್ಕೆ ಬಂದು ನಿಲ್ಲುತ್ತದೆ. ಶಂಕರಾಭರಣವನ್ನು ಬಲ್ಲವರು ಇದನ್ನು ಮನೆಯಲ್ಲಿಯೇ ಹಾಡಿ ನೋಡಬಹುದು. ಆಶ್ಚರ್ಯವೇನೆಂದರೆ, ಹ್ಯಾಂಡೆಲನೂ ಇದೇ ಎಂಟು ಸ್ವರಗಳ ಮೇಲೆ ಬೇರೊಂದು ಕಡೆ 62 ಭೇದಗಳನ್ನು ರಚಿಸಿದ್ದಾನೆ. ಎಂದೂ ಭೇಟಿಯಾಗದ ಆ ಇಬ್ಬರು ಒಂದೇ ತಳಪಾಯದ ಮೇಲೆ ಬೇರೆ ಬೇರೆ ಮನೆಗಳನ್ನು ಕಟ್ಟಿದರು.

ಕೆನಡಾ ದೇಶದ ಗ್ಲೆನ್ ಗೂಲ್ಡ್ ಎಂಬ ಪಿಯಾನೋವಾದಕನು ಬಾಖನ ಈ ಕೃತಿಯನ್ನು 1955ರಲ್ಲಿ, ಇಪ್ಪತ್ತೆರಡು ವರ್ಷದ ತರುಣನಾಗಿದ್ದಾಗ, ಧ್ವನಿಮುದ್ರಿಸಿದನು. ಅದು ಸುಮಾರು 38 ನಿಮಿಷಗಳಲ್ಲಿ ಮುಗಿಯುತ್ತದೆ. 1981ರಲ್ಲಿ, ಸಾಯುವುದಕ್ಕೆ ಒಂದು ವರ್ಷದ ಮುಂಚೆ, ಅದನ್ನೇ ಮತ್ತೊಮ್ಮೆ ಮುದ್ರಿಸಿದನು. ಅದಕ್ಕೆ ಸುಮಾರು 51 ನಿಮಿಷಗಳು ಹಿಡಿದವು. ಮೊದಲನೆಯದರಲ್ಲಿ ಪ್ರತಿಯೊಂದು ಭೇದಕ್ಕೂ ಅದರದೇ ಆದ ಓಟವಿದೆ. ಎರಡನೆಯದರಲ್ಲಿ, ಮೂವತ್ತು ಭೇದಗಳನ್ನೂ ಒಂದು ಮೂಲ ಎಣಿಕೆಗೆ ಸಂಬಂಧಿಸಿ ನಡೆಸಬೇಕೆಂಬುದು ಅವನ ಉದ್ದೇಶವಾಗಿತ್ತು. ಜಗತ್ಪ್ರಸಿದ್ಧನಾದ ವಾದಕನೇ ಇಪ್ಪತ್ತಾರು ವರ್ಷಗಳ ಬಳಿಕ ಅದೇ ಪುಟಗಳ ಮುಂದೆ ಬಂದು ಕುಳಿತು, ನಡಿಗೆಯನ್ನು ಹೊಸದಾಗಿ ಆಲೋಚಿಸಿದನೆಂದ ಮೇಲೆ, ನಮ್ಮ ಹುಡುಗಿಯೊಬ್ಬಳು ಹತ್ತು ತಿಂಗಳನ್ನು ಒಂದು ಧಾಟಿಗೆ ಕೊಡುವುದು ಹೆಚ್ಚೇ? ಎರಡು ಮುದ್ರಣಗಳೂ ಇಂದು ಮೊಬೈಲಿನಲ್ಲಿಯೇ ದೊರೆಯುತ್ತವೆ. ಪೋಷಕರು ಮಕ್ಕಳ ಜೊತೆಯಲ್ಲಿ ಕುಳಿತು ಮೊದಲ ಧಾಟಿಯನ್ನಾದರೂ ಎರಡರಲ್ಲಿಯೂ ಕೇಳಿ ಹೋಲಿಸಬೇಕೆಂದು ಬೇಡುತ್ತೇನೆ.

7. ಕಡೆಯ ಮಾತು

ಆ ತಂದೆಯವರಿಗೆ ನಾನು ಕೊಡಬೇಕಾಗಿದ್ದ ಪೂರ್ಣ ಉತ್ತರವು ಹೀಗಿದೆ. ನಿಮ್ಮ ಮಗಳು ಹತ್ತು ತಿಂಗಳಿಂದ ಒಂದೇ ಧಾಟಿಯನ್ನು ಬಾರಿಸುತ್ತಿಲ್ಲ. ಮೇಲೆ ಎಲ್ಲವೂ ಬದಲಾಗುತ್ತಿರುವಾಗ ಕೆಳಗೆ ಬದಲಾಗದೆ ಇರುವುದೊಂದನ್ನು ಕೇಳುವುದಕ್ಕೆ ಅಭ್ಯಾಸ ಮಾಡುತ್ತಿದ್ದಾಳೆ. ಕೆಲಸವು ಇಮ್ಮಡಿ, ಮುಮ್ಮಡಿ, ನಾಲ್ಮಡಿಯಾದರೂ ಎಣಿಕೆಯನ್ನು ಬಿಡದಿರುವುದನ್ನು ಕಲಿಯುತ್ತಿದ್ದಾಳೆ. ಮನೆವಾರ್ತೆಯನ್ನೂ ಉದ್ಯೋಗವನ್ನೂ ಜೊತೆಯಲ್ಲಿ ನಡೆಸುತ್ತಿರುವ ಹಳೆಯ ವಿದ್ಯಾರ್ಥಿನಿಯರಿಗೆ ಈ ಮಾತನ್ನು ನಾನು ಬಿಡಿಸಿ ಹೇಳಬೇಕಾದುದಿಲ್ಲ. ಪಿಯಾನೋ ಬಾರಿಸುವವರೆಲ್ಲರೂ ದೊಡ್ಡ ವಾದಕರಾಗುವುದಿಲ್ಲ; ಆಗಬೇಕಾದುದೂ ಇಲ್ಲ. ಮೆಲ್ಲನೆ ಆರಂಭಿಸಿ ಸರಿಯಾಗಿ ಮುಗಿಸಿದ ಒಂದು ಕೆಲಸದ ನೆನಪು ಬೆರಳುಗಳಲ್ಲಿ ಉಳಿದರೆ ಅದು ಚಿಕ್ಕ ಲಾಭವಲ್ಲ. ಅಂದ ಹಾಗೆ, ಆ ಹುಡುಗಿಯು ಈ ವರ್ಷದ ವಾರ್ಷಿಕೋತ್ಸವದಲ್ಲಿ ಐದು ಭೇದಗಳನ್ನೂ ನಿಮಿಷಕ್ಕೆ 54 ಎಣಿಕೆಯಂತೆ, ಎಲ್ಲಿಯೂ ಓಡದೆ ಎಲ್ಲಿಯೂ ನಿಲ್ಲದೆ ಬಾರಿಸಿದಳು. ತಂದೆಯವರು ಎರಡನೆಯ ಸಾಲಿನಲ್ಲಿ ಕುಳಿತು ಮೊಣಕಾಲಿನ ಮೇಲೆ ಎಣಿಕೆ ಹಾಕುತ್ತಿದ್ದುದನ್ನು ನಾನು ನೋಡಿದೆನು.

ಇನ್ನು ನನ್ನ ಋಣದ ಮಾತು. ಅಂದು ಪಕ್ಕದ ಬಾಗಿಲಿನಿಂದ ಹೊರಟುಹೋದ ನನ್ನ ಶಿಷ್ಯೆಯೇ, ಈ ಪುಸ್ತಕವು ನಿನ್ನ ಕೈಸೇರಬಹುದೆಂಬ ನಂಬಿಕೆಯಿಂದ ಇದನ್ನು ಬರೆದಿದ್ದೇನೆ. ನಿನ್ನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನೀನು ಯಾರೆಂಬುದು ನಿನಗೆ ತಿಳಿದಿದೆ. ಆ ದಿನ ತಪ್ಪಿದವಳು ನೀನಲ್ಲ, ನಾನು. ನೀನು ಹಿಡಿದಿದ್ದ ನಡಿಗೆಯು ಸರಿಯಾಗಿತ್ತು. ಇದನ್ನು ಅಂದೇ ಸಭೆಯಲ್ಲಿ ಎದ್ದುನಿಂತು ಹೇಳಬೇಕಾಗಿತ್ತು, ಹೇಳಲಿಲ್ಲ. ಈಗ ಎಲ್ಲರ ಮುಂದೆ ಹೇಳುತ್ತಿದ್ದೇನೆ. ನಿನಗೂ ಈಗ ಮಕ್ಕಳಿರಬಹುದು. ಎಂದಾದರೊಂದು ದಿನ ಶಾಲೆಯ ಕಡೆಗೆ ಬಂದರೆ, ಸಭಾಂಗಣದ ಬೀಗದ ಕೈಯು ನನ್ನ ಮೇಜಿನ ಖಾನೆಯಲ್ಲಿದೆ. ಪಿಯಾನೋದ ಕೆಲವು ಕೀಗಳು ಇಂದಿಗೂ ಅಂಟಿಕೊಳ್ಳುತ್ತವೆ. ನಿನಗಿಷ್ಟವಾದಷ್ಟು ಮೆಲ್ಲನೆ ಬಾರಿಸು. ನಾನು ಹಿಂದೆ ನಿಲ್ಲುವುದಿಲ್ಲ, ಪಕ್ಕದಲ್ಲಿ ಕುಳಿತು ಪುಟ ತಿರುವುವೆನು.